ಗಾಯಾಳುವಿನ ನೋವು ಮತ್ತು ಮಾತ್ರೆ ಎಣಿಸುವ ಜಾಣತನ

"ಸ್ಟ್ರಾಂಗ್ ಮಾತ್ರೆ ಬೇಡ ಡಾಕ್ಟ್ರೇ, ಆಮೇಲೆ ಅದೇ ಅಭ್ಯಾಸ ಆಗ್ಬಿಡತ್ತೆ." ಮೂಳೆ ವಾರ್ಡಿನಲ್ಲಿ ಈ ಮಾತು ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದವನ ಬಾಯಿಂದ ಬರುವುದು ಕಡಿಮೆ. ಬರುವುದು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತ ಭಾವನ ಬಾಯಿಂದ. ಡಾಕ್ಟರೂ ಹೌದೆನ್ನುತ್ತಾರೆ. ಈ ಭಯಕ್ಕೆ ಈಗ ಪರದೇಶದ ಸಾಕ್ಷಿಯೂ ಸಿಕ್ಕಿದೆ: ಅಮೆರಿಕದಲ್ಲಿ ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯಿಂದಲೇ ಊರಿಗೆ ಊರು ಹಾಳಾಯಿತಂತೆ. ಹಾಗಾಗಿ ಪರಿಹಾರ ಸರಳ. ಕಡಿಮೆ ಕೊಡಿ, ಕಡಿಮೆ ದಿನ ಕೊಡಿ, ಸಾಧ್ಯವಾದರೆ ಕೊಡಲೇಬೇಡಿ. ಅಮೆರಿಕದ ಶಾಸನಸಭೆಗಳೂ ಅರಸೀಕೆರೆಯ ಭಾವನೂ ಒಂದೇ ತೀರ್ಮಾನಕ್ಕೆ ಬಂದ ಅಪರೂಪದ ವಿಷಯ ಇದು. ಇಬ್ಬರೂ ತಪ್ಪು ಎಂಬುದು ನನ್ನ ವಾದ.

ವಾದವನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಅಪಘಾತದಲ್ಲಿ ಪೆಟ್ಟಾದವರಲ್ಲಿ ಒಂದಷ್ಟು ಮಂದಿ ಮೂಳೆ ಕೂಡಿದ ಮೇಲೂ ಓಪಿಯಾಯ್ಡ್ ಮಾತ್ರೆ ಬಿಡಲಾರದೆ ವರ್ಷಗಟ್ಟಲೆ ನುಂಗುತ್ತಾರೆ. ಓಪಿಯಾಯ್ಡ್ ಎಂದರೆ ಅಫೀಮಿನ ಬಳಗದ ಔಷಧಗಳು: ಮಾರ್ಫೀನ್, ಫೆಂಟನಿಲ್, ಆಕ್ಸಿಕೊಡೋನ್, ನಮ್ಮ ಮೆಡಿಕಲ್ ಶಾಪುಗಳಿಗೆ ಚೆನ್ನಾಗಿ ಪರಿಚಯವಿರುವ ಟ್ರಮಡಾಲ್. ಇದು ನಿಜವಾದ ತೊಂದರೆ, ತಡೆಯಲೇಬೇಕಾದ ತೊಂದರೆ. ಆದರೆ ಆಸ್ಪತ್ರೆಯಲ್ಲಿ ಎಷ್ಟು ಮಾತ್ರೆ ಕೊಟ್ಟರು ಎಂಬುದರಲ್ಲೇ ಅದರ ಬೇರಿದೆ ಎಂಬ ನಂಬಿಕೆ ಅರ್ಧಸತ್ಯ. ಡಿಸ್ಚಾರ್ಜ್ ಆದ ಮೇಲಿನ ತಿಂಗಳುಗಳಲ್ಲಿ ಗಾಯಾಳು ಯಾವ ಡಾಕ್ಟರ ಜವಾಬ್ದಾರಿಯೂ ಆಗಿರುವುದಿಲ್ಲ. ಬೇರು ಇಳಿಯುವುದು ಆಗ. ಆ ತಿಂಗಳುಗಳನ್ನು ಹಾಗೇ ಬಿಟ್ಟು ಮಾತ್ರೆಯನ್ನಷ್ಟೇ ಎಣಿಸುವವರು ಚಟ ತಡೆಯುತ್ತಿದ್ದೇವೆ ಎಂದುಕೊಂಡರೆ ಅದು ಭ್ರಮೆ.

ಸತ್ಯವಿರುವ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ತನ್ನ ಪತ್ರಗಳ ಅಂಕಣದಲ್ಲಿ ಐದೇ ವಾಕ್ಯಗಳ ಒಂದು ಪತ್ರ ಪ್ರಕಟಿಸಿತು. ಬರೆದವರು ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಆಸ್ಪತ್ರೆಯಲ್ಲಿದ್ದಾಗ ಇಂಥ ಔಷಧ ಪಡೆದ 11,882 ಮಂದಿಯಲ್ಲಿ ಚಟಕ್ಕೆ ಬಿದ್ದದ್ದು ನಾಲ್ಕೇ ಜನ ಎಂಬುದು ಅದರ ಸಾರ. ಅದು ವಾರ್ಡಿನೊಳಗಿದ್ದವರ ಲೆಕ್ಕ. ಮನೆಗೆ ಹೋದ ಮೇಲೆ ಅವರಿಗೆ ಏನಾಯಿತು ಎಂಬುದು ಆ ಪತ್ರದಲ್ಲಿ ಇರಲೇ ಇಲ್ಲ. ಆದರೂ ಮುಂದೆ ಆರುನೂರಕ್ಕೂ ಹೆಚ್ಚು ಲೇಖನಗಳು ಅದನ್ನು ಉದ್ಧರಿಸಿದವು, ಬಹುಪಾಲು ಓಪಿಯಾಯ್ಡಿನಿಂದ ಚಟ ಹತ್ತುವುದು ವಿರಳ ಎನ್ನುವುದಕ್ಕೆ ಪುರಾವೆಯಾಗಿ. ಪರ್ಡ್ಯೂ ಫಾರ್ಮಾ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ಬಿಟ್ಟಾಗ ಇದೇ ಭರವಸೆಯನ್ನು ಡಾಕ್ಟರುಗಳಿಗೆ ಹಂಚಿತು. 2007ರಲ್ಲಿ ತಪ್ಪೊಪ್ಪಿಕೊಂಡಿತು, 60 ಕೋಟಿ ಡಾಲರಿನಷ್ಟು ದಂಡದ ಹೊರೆ ಬಿತ್ತು. 2020ರಲ್ಲಿ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. ಈ ನಡುವೆ 2012ರಲ್ಲಿ ಅಮೆರಿಕದಲ್ಲಿ ಪ್ರತಿ 100 ಜನರಿಗೆ 81 ಓಪಿಯಾಯ್ಡ್ ಚೀಟಿಗಳು ಓಡಾಡುತ್ತಿದ್ದವು. ಈ ಧಾರಾಳತನವನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಮನೆಯ ಕಪಾಟಿನಲ್ಲಿ ಉಳಿದ ಮಾತ್ರೆ ಮಗನ ಕೈಗೆ, ನೆಂಟನ ಕೈಗೆ ಹೋಗುತ್ತಿತ್ತು ಎಂಬುದೂ ನಿಜ. ಅನಗತ್ಯ ಚೀಟಿಗಳು ಕಡಿಮೆಯಾದದ್ದು ಒಳ್ಳೆಯದೇ ಆಯಿತು.

ಆದರೆ ಅತ್ತ ವಾಲಿದ್ದ ದೇಶ ನೆಟ್ಟಗೆ ನಿಲ್ಲಲಿಲ್ಲ, ಇತ್ತ ವಾಲಿತು. 2016ರ ಮಾರ್ಚಿನಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಧುತ್ತನೆ ಬಂದ ನೋವಿಗೆ 3 ದಿನ ಅಥವಾ ಅದಕ್ಕಿಂತ ಕಡಿಮೆ ಹೆಚ್ಚಿನ ಸಲ ಸಾಕು, 7 ದಿನ ದಾಟಬೇಕಾಗುವುದು ಅಪರೂಪ ಎಂದಿತು. ಅದೇ ತಿಂಗಳು ಮ್ಯಾಸಚೂಸೆಟ್ಸ್ ರಾಜ್ಯ ಮೊದಲ ಚೀಟಿಗೆ 7 ದಿನಗಳ ಮಿತಿಯನ್ನು ಕಾನೂನನ್ನಾಗಿಸಿತು. ಅದರ ಹಿಂದೆ ಇನ್ನಷ್ಟು ರಾಜ್ಯಗಳು ಹೊರಟವು. ವಿಮೆ ಕಂಪನಿಗಳೂ ದೊಡ್ಡ ಔಷಧ ಅಂಗಡಿಗಳೂ ತಮ್ಮ ತಮ್ಮ ಗೆರೆ ಎಳೆದವು. ಈ ಸಂಭ್ರಮದಲ್ಲಿ ಬಹಳ ಮಂದಿ ಓದದೆ ಬಿಟ್ಟ ಸಾಲೊಂದು ಆ ಮಾರ್ಗಸೂಚಿಯಲ್ಲೇ ಇತ್ತು. 3 ದಿನ ಸಾಕೆಂದು ತಜ್ಞರು ಅಂದಾಜಿಸಿದ್ದು ಆಪರೇಷನ್ನಿಗಾಗಲಿ ಗಾಯಕ್ಕಾಗಲಿ ಸಂಬಂಧಪಡದ ನೋವಿನ ವಿಷಯದಲ್ಲಿ. ಅಂದರೆ ತೊಡೆಮೂಳೆ ಮುರಿದವನು ಆ ಲೆಕ್ಕದಲ್ಲಿ ಇರಲೇ ಇಲ್ಲ. ಸಾಮಾನ್ಯ ಚಿಕಿತ್ಸಾಲಯದ ಡಾಕ್ಟರಿಗೆಂದು ಬರೆದ ಸಲಹೆ ತುರ್ತು ಚಿಕಿತ್ಸೆಯ ಮಂಚದ ಮೇಲಿದ್ದವನಿಗೂ ಕಟ್ಟುಪಾಡಾಗಿ ಬಂದು ಕೂತಿತು. 2019ರಲ್ಲಿ ಮಾರ್ಗಸೂಚಿ ಬರೆದವರೇ ತಮ್ಮ ಮಾತನ್ನು ಹೇಗೆಲ್ಲ ತಪ್ಪಾಗಿ ಅನ್ವಯಿಸಲಾಗುತ್ತಿದೆ ಎಂದು ಬಹಿರಂಗವಾಗಿ ಬರೆಯಬೇಕಾಯಿತು. ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಬಹುಕಾಲದಿಂದ ಸೇವಿಸುತ್ತಿರುವವರಿಗೆ ಏಕಾಏಕಿ ನಿಲ್ಲಿಸಬೇಡಿ ಎಂದು ಎಚ್ಚರಿಸಿತು. 2022ರ ಹೊಸ ಮಾರ್ಗಸೂಚಿಯಲ್ಲಿ ದಿನಗಳ ಆ ಬಿಗಿ ಗೆರೆ ಇಲ್ಲ. ಗೆರೆ ಎಳೆದವರೇ ಅಳಿಸಿದರೂ ಅದನ್ನು ನೋಡಿ ಕಲಿತವರು ಅಳಿಸುವುದಿಲ್ಲ. ಜಗತ್ತಿನ ಎಷ್ಟೋ ನಿಯಮಗಳ ಹಣೆಬರಹವೇ ಇದು.

ಫಲಿತಾಂಶ ಏನಾಯಿತು? 2020ಕ್ಕೆ ಅಮೆರಿಕದ ಚೀಟಿಗಳು ನೂರಕ್ಕೆ 43ಕ್ಕೆ ಇಳಿದವು, ಹೆಚ್ಚು ಕಡಿಮೆ ಅರ್ಧ. 2012ರಲ್ಲಿ ಸುಮಾರು 41,000 ಇದ್ದ ವಾರ್ಷಿಕ ಓವರ್‌ಡೋಸ್ ಸಾವುಗಳು 2021ರಲ್ಲಿ 1,06,000 ದಾಟಿದವು. ಮಿತಿ ಹೇರಿದ್ದರಿಂದಲೇ ಸಾವು ಹೆಚ್ಚಿತು ಎಂದು ನಾನು ಹೇಳುತ್ತಿಲ್ಲ. ಕೊಂದದ್ದು ಮುಖ್ಯವಾಗಿ ಕಳ್ಳದಾರಿಯ ಫೆಂಟನಿಲ್. ಚೀಟಿ ಅರ್ಧವಾದರೆ ಸಂಕಟವೂ ಅರ್ಧವಾಗುತ್ತದೆ ಎಂದು ಭರವಸೆ ಕೊಟ್ಟಿದ್ದವರು ಮಾತ್ರ ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಲು ಇಷ್ಟಪಡುವುದಿಲ್ಲ.

ಮಾತ್ರೆ ಎಣಿಸುವವರು ಸದಾ ಜೇಬಿನಲ್ಲಿಟ್ಟುಕೊಂಡಿರುವ ಒಂದು ಅಧ್ಯಯನವಿದೆ. 2017ರಲ್ಲಿ ಸಿಡಿಸಿಯ ವಾರಪತ್ರಿಕೆಯಲ್ಲಿ ಬಂದದ್ದು. ಮೊದಲ ಸಲ ಓಪಿಯಾಯ್ಡ್ ಪಡೆದವರಲ್ಲಿ, ಕನಿಷ್ಠ 1 ದಿನ ಸೇವಿಸಿದವರೆಲ್ಲ ಸೇರಿ ವರ್ಷದ ನಂತರವೂ ಸೇವಿಸುತ್ತಿದ್ದವರು ನೂರಕ್ಕೆ 6. ಮೊದಲ ಸಲದ ಸೇವನೆಯೇ 8 ದಿನ ಅಥವಾ ಹೆಚ್ಚಿನದಾದರೆ 13.5, ತಿಂಗಳು ದಾಟಿದರೆ ಹತ್ತಿರ ಹತ್ತಿರ 30. ಇದನ್ನು ತೋರಿಸಿ, ನೋಡಿ, ದಿನ ಹೆಚ್ಚಿದಷ್ಟೂ ಚಟ ಹೆಚ್ಚು ಎನ್ನುತ್ತಾರೆ. ಆದರೆ ತಿಂಗಳ ಚೀಟಿ ಯಾರಿಗೆ ಬರೆಯುತ್ತಾರೆ? ಹೆಚ್ಚು ನೋವಿರುವವನಿಗೆ, ಬೇಗ ವಾಸಿಯಾಗದ ತೊಂದರೆ ಇರುವವನಿಗೆ. ದೊಡ್ಡ ಚೀಟಿಯೂ ದೀರ್ಘ ಸೇವನೆಯೂ ಒಂದೇ ನೋವಿನ ಎರಡು ಕುರುಹುಗಳಾಗಿರಬಹುದು. ಅಧ್ಯಯನದ ತಪ್ಪಲ್ಲ ಇದು, ಓದಿದವರ ಆತುರ.

ಅದೇ 2017ರಲ್ಲಿ ಜಾಮಾ ಸರ್ಜರಿ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನವನ್ನು ಇವರು ಅಷ್ಟಾಗಿ ಉದ್ಧರಿಸುವುದಿಲ್ಲ. ಮಿಶಿಗನ್ನಿನ ಚಾಡ್ ಬ್ರಮ್ಮೆಟ್ ಮತ್ತು ಸಂಗಡಿಗರು ಆಪರೇಷನ್ ಮಾಡಿಸಿಕೊಂಡ 36,177 ಮಂದಿಯನ್ನು ನೋಡಿದರು. ಮೊದಲು ಓಪಿಯಾಯ್ಡ್ ಮುಟ್ಟಿರದವರು ಆಪರೇಷನ್ ಆಗಿ ಮೂರು ತಿಂಗಳು ಕಳೆದ ಮೇಲೂ ಮಾತ್ರೆ ತರಿಸುತ್ತಿದ್ದ ಪ್ರಮಾಣ ಸಣ್ಣ ಆಪರೇಷನ್ನಿನಲ್ಲಿ ನೂರಕ್ಕೆ 5.9, ದೊಡ್ಡದರಲ್ಲಿ 6.5. ಎರಡೂ ಒಂದೇ ಎನ್ನಬಹುದು. ಗಾಯದ ಗಾತ್ರವೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ಯಾರು ಮುಂದುವರಿಸಿದರು ಎಂದು ಹುಡುಕಿದಾಗ ಸಿಕ್ಕದ್ದು ಬೀಡಿ ಸಿಗರೇಟು, ಕುಡಿತ, ಆತಂಕ, ಖಿನ್ನತೆ ಮತ್ತು ಮೊದಲೇ ಇದ್ದ ಬೇರೆ ನೋವುಗಳು. ಇವುಗಳಲ್ಲಿ ಯಾವುದೂ ಮಾತ್ರೆಯ ಸ್ಟ್ರಿಪ್ಪಿನಲ್ಲಿಲ್ಲ. ಎಲ್ಲವೂ ಮನುಷ್ಯನಲ್ಲಿವೆ, ಕೇಳಿದರೆ ತಿಳಿಯುವಂಥವು. ಕೇಳಲು ಮಾತ್ರ ಐದು ನಿಮಿಷ ಬೇಕು.

ಗಾಯಾಳುವಿನ ಸ್ಥಿತಿ ಆಪರೇಷನ್ ರೋಗಿಗಿಂತ ಹದಗೆಟ್ಟದ್ದು. ಮಂಡಿ ಬದಲಿಸಿಕೊಳ್ಳುವವರು ದಿನ ನೋಡಿ, ದುಡ್ಡು ಹೊಂದಿಸಿ, ಮನೆಯವರನ್ನು ಕರೆಸಿಕೊಂಡು ಆಸ್ಪತ್ರೆಗೆ ಬರುತ್ತಾರೆ. ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ ಬೈಕ್ ಸವಾರ ಹಾಗೆ ಬರುವುದಿಲ್ಲ. ಅವನ ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು, ಪಕ್ಕೆಲುಬು ಮೂರು, ಜೊತೆಗೆ ಕಣ್ಣು ಮುಚ್ಚಿದರೆ ಲಾರಿಯ ಹೆಡ್‌ಲೈಟ್. ಐಸಿಯುನಲ್ಲಿ ಕೊಳವೆ ಹಾಕಿದ್ದರೆ ವಾರಗಟ್ಟಲೆ ಫೆಂಟನಿಲ್ ಹನಿಸಿರುತ್ತಾರೆ. ಸರಿಯಾದ ಚಿಕಿತ್ಸೆಯೇ ಅದು. ಆದರೆ ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ. ಇದನ್ನು ಚಟ ಎನ್ನಬಾರದು. ಯಾರಿಗೆ ಕೊಟ್ಟರೂ ಆಗುವ ಶರೀರದ ಒಗ್ಗುವಿಕೆ ಇದು. ಮನೆಗೆ ಕಳಿಸುವಾಗ ಅದನ್ನು ಹೇಗೆ ಇಳಿಸಬೇಕು ಎಂದು ಯಾರೂ ಬರೆದುಕೊಡುವುದಿಲ್ಲ. ಚೀಟಿಯಲ್ಲಿ ಐದು ದಿನದ ಮಾತ್ರೆ, ಆಮೇಲೆ ಬಿಳಿ ಕಾಗದ.

ಆರನೆಯ ದಿನ ಏನಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ವ್ಯಾಜ್ಯ ಇರುವುದು ಇಲ್ಲಿ. ಓಪಿಯಾಯ್ಡ್ ಹಠಾತ್ತನೆ ನಿಂತಾಗ ಮೈ ಬೆವರುತ್ತದೆ, ರೋಮ ನಿಲ್ಲುತ್ತದೆ, ಆಕಳಿಕೆ ಮೇಲೆ ಆಕಳಿಕೆ ಬರುತ್ತದೆ, ಮೂಗು ಸೋರುತ್ತದೆ, ಹೊಟ್ಟೆ ನುಲಿದು ಭೇದಿಯಾಗುತ್ತದೆ. ಮೈಕೈ ಮೂಳೆ ಮೂಳೆಯೂ ನೋಯುತ್ತದೆ. ರಾತ್ರಿ ನಿದ್ದೆ ಇಲ್ಲ. ಇದಕ್ಕೆಲ್ಲ ಏನು ಹೆಸರು ಎಂದು ಅವನಿಗೆ ಯಾರೂ ಹೇಳಿಲ್ಲ. ಅವನಿಗೆ ಗೊತ್ತಿರುವುದು ಮುರಿದ ಕಾಲೊಂದೇ. ಹಾಗಾಗಿ ಮೂಳೆ ಕೂಡಿಲ್ಲ ಅಥವಾ ಒಳಗೆ ಕೀವಾಗಿದೆ ಎಂದುಕೊಳ್ಳುತ್ತಾನೆ. ಎಲ್ಲಿಂದಲೋ ಒಂದು ಮಾತ್ರೆ ಹೊಂದಿಸಿ ನುಂಗುತ್ತಾನೆ. ಅರ್ಧ ಗಂಟೆಯಲ್ಲಿ ಎಲ್ಲವೂ ಶಾಂತ. ನೋವು ನಿಜವೇ ಇತ್ತು, ಮಾತ್ರೆಯೇ ಔಷಧ ಎಂಬುದಕ್ಕೆ ಅವನಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಮುಂದಿನ ವಾರ ಇನ್ನೊಬ್ಬ ಡಾಕ್ಟರು, ಅದರ ಮುಂದಿನ ವಾರ ಮೆಡಿಕಲ್ ಶಾಪಿನ ಹುಡುಗ. ಕಡಿಮೆ ಕೊಟ್ಟದ್ದರಿಂದ ಇಲ್ಲಿ ಯಾವ ಚಟ ತಪ್ಪಿತು? ಇಳಿಯುವುದಕ್ಕೆ ಮೆಟ್ಟಿಲು ಕಟ್ಟದೆ ಅಟ್ಟದಿಂದ ತಳ್ಳಿದವರು, ಕೆಳಗೆ ಬಿದ್ದವನಿಗೆ ಮನೋಬಲ ಇರಲಿಲ್ಲ ಎಂದು ತೀರ್ಪು ಕೊಡುತ್ತಾರೆ.

ನೋವು ತಡೆದುಕೊಂಡರೆ ತಾನಾಗಿ ಹೋಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಅಮೆರಿಕದ 69 ಆಸ್ಪತ್ರೆಗಳಲ್ಲಿ ದೊಡ್ಡ ಗಾಯಕ್ಕೆ ಚಿಕಿತ್ಸೆ ಪಡೆದವರನ್ನು ವರ್ಷದ ನಂತರ ಕೇಳಿದಾಗ ನೂರಕ್ಕೆ 63 ಮಂದಿಗೆ ಆ ಗಾಯದ ನೋವು ಇನ್ನೂ ಇತ್ತು. ಕಾಲು ಜಜ್ಜಿಹೋದವರನ್ನು ಬಹುಕಾಲ ಹಿಂಬಾಲಿಸಿದ ಲೀಪ್ ಎಂಬ ಅಧ್ಯಯನದಲ್ಲಿ ಏಳು ವರ್ಷದ ನಂತರವೂ ಮುಕ್ಕಾಲು ಪಾಲು ಜನ ನೋವಿನಲ್ಲಿದ್ದರು. ಮಾತ್ರೆ ಎಣಿಸುವವರು ಎರಡು ಸಲ ಓದಬೇಕಾದ ಸಂಗತಿಯೊಂದು ಆ ಅಧ್ಯಯನದಲ್ಲಿದೆ: ಡಿಸ್ಚಾರ್ಜ್ ಆದ ಮೊದಲ ಮೂರು ತಿಂಗಳಲ್ಲಿ ಓಪಿಯಾಯ್ಡ್ ಚಿಕಿತ್ಸೆ ಪಡೆದವರಿಗೆ ಏಳು ವರ್ಷದ ನಂತರ ನೋವು ಕಡಿಮೆ ಇತ್ತು, ಆರಂಭದ ನೋವಿನ ತೀವ್ರತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ. ಇರಾಕಿನಲ್ಲಿ ಗಾಯಗೊಂಡ 696 ಅಮೆರಿಕನ್ ಸೈನಿಕರ ದಾಖಲೆ ನೋಡಿದ 2010ರ ಅಧ್ಯಯನ ಇನ್ನೊಂದು. ಮುಂದೆ ಆಘಾತದ ಮಾನಸಿಕ ಕಾಯಿಲೆಗೆ ಬೀಳದವರಲ್ಲಿ ನೂರಕ್ಕೆ 76 ಮಂದಿಗೆ ಪೆಟ್ಟು ಬಿದ್ದ ಹೊಸತರಲ್ಲೇ ಮಾರ್ಫೀನ್ ಸಿಕ್ಕಿತ್ತು. ಬಿದ್ದವರಲ್ಲಿ ನೂರಕ್ಕೆ 61 ಮಂದಿಗೆ. ಇವೂ ಸಂಬಂಧಗಳೇ ಹೊರತು ಕಾರಣದ ಸಾಬೀತಲ್ಲ. ಮೇಲೆ ಇನ್ನೊಬ್ಬರಿಗೆ ಹಿಡಿದ ಅಳತೆಗೋಲನ್ನು ನನ್ನ ವಾದಕ್ಕೂ ಹಿಡಿಯಬೇಕಲ್ಲ. ಆದರೆ ನೋವನ್ನು ಚಿಕಿತ್ಸೆಯಿಲ್ಲದೆ ಬಿಡುವುದು ಸುರಕ್ಷಿತ ಪಕ್ಷ, ಅದರಿಂದ ನಷ್ಟವೇನಿಲ್ಲ ಎಂಬ ನೆಮ್ಮದಿಯನ್ನಂತೂ ಇವು ಕೆಡಿಸುತ್ತವೆ. ಆ ನೆಮ್ಮದಿ ಕೆಡಲೇಬೇಕು.

ಎದುರು ಪಕ್ಷದ ಬಲವಾದ ವಾದವನ್ನು ನಾನು ಮುಚ್ಚಿಡುವುದಿಲ್ಲ. ನೆದರ್ಲೆಂಡ್ಸ್ ನೋಡಿ ಎನ್ನುತ್ತಾರೆ. ಪಾದದ ಕೀಲಿನ ಮೂಳೆ ಮುರಿದು ಆಪರೇಷನ್ ಆದವರಲ್ಲಿ, ಮನೆಗೆ ಹೋಗುವಾಗ ಓಪಿಯಾಯ್ಡ್ ಪಡೆದವರು ಅಮೆರಿಕದಲ್ಲಿ ನೂರಕ್ಕೆ 82, ಡಚ್ಚರಲ್ಲಿ 6. ಡಚ್ಚರೇನೂ ಕಿರುಚುತ್ತಾ ಮಲಗಿರಲಿಲ್ಲ. ನಿಜ. 2017ರ ಮತ್ತೊಂದು ಪ್ರಯೋಗದಲ್ಲಿ, ಕೈಕಾಲಿನ ನೋವಿನಿಂದ ತುರ್ತು ಚಿಕಿತ್ಸೆಗೆ ಬಂದ 416 ಮಂದಿಗೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೋಡಿ ಕೊಟ್ಟರೂ ಓಪಿಯಾಯ್ಡ್ ಬೆರೆತ ಮಾತ್ರೆ ಕೊಟ್ಟರೂ ಎರಡು ಗಂಟೆಯ ನಂತರ ವ್ಯತ್ಯಾಸ ಕಾಣಲಿಲ್ಲ. ಇದೂ ನಿಜ. ಉಳುಕಿಗೆ, ಸಣ್ಣ ಬಿರುಕಿಗೆ ಓಪಿಯಾಯ್ಡ್ ಬೇಕಿಲ್ಲ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಡಚ್ಚರಿಂದ ಸಂಖ್ಯೆಯನ್ನಷ್ಟೇ ಎರವಲು ತರಲು ಹೊರಟವರು ಅದರ ಜೊತೆಗಿರುವುದನ್ನು ಬಿಟ್ಟು ಬರುತ್ತಾರೆ. ಅಲ್ಲಿ ಪ್ರತಿಯೊಬ್ಬರಿಗೂ ಹೆಸರು ನೋಂದಾಯಿಸಿದ ಮನೆಡಾಕ್ಟರು ಇದ್ದಾರೆ. ಆಸ್ಪತ್ರೆಯಿಂದ ಬಂದವನ ಜವಾಬ್ದಾರಿ ಅವರದು. ಗಾಯವಾದವನಿಗೆ ಸಂಬಳ ಸಹಿತ ರಜೆ ಇದೆ. ಡಚ್ಚರ ಆರು ಮಾತ್ರ ತಂದು ಅವರ ಮನೆಡಾಕ್ಟರನ್ನು ಅಲ್ಲೇ ಬಿಟ್ಟು ಬಂದರೆ ನಮ್ಮ ಪಾಲಿಗೆ ಉಳಿಯುವುದು ಬರೀ ನೋವು. ಅಂದಹಾಗೆ ಆ ದೇಶದಲ್ಲೂ 2008ರಿಂದ 2017ರ ನಡುವೆ ಓಪಿಯಾಯ್ಡ್ ಬಳಸುವವರು ಹೆಚ್ಚು ಕಡಿಮೆ ಎರಡರಷ್ಟಾದರು.

ಇನ್ನು ನಮ್ಮ ಮಾತು. ಇದು ಅಮೆರಿಕದ ರೋಗ, ನಮಗಿಲ್ಲ ಎಂಬ ಮಾತನ್ನು ವೈದ್ಯರ ಸಭೆಗಳಲ್ಲೂ ಕೇಳುತ್ತೇವೆ. 2022ರೊಂದರಲ್ಲೇ ಭಾರತದ ರಸ್ತೆಗಳಲ್ಲಿ 4,43,366 ಜನ ಗಾಯಗೊಂಡರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಇವರ ನೋವಿಗೆ ನಾವೇನು ಮಾಡುತ್ತೇವೆ? ಔಷಧಕ್ಕೆಂದೇ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಬೆಳೆದದ್ದು ನೀಮಚ್ ಮತ್ತು ಗಾಜೀಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಅದೇ ದೇಶದ ತಾಲ್ಲೂಕು ಆಸ್ಪತ್ರೆಯಲ್ಲಿ ತೊಡೆಮೂಳೆ ಮುರಿದವನಿಗೆ ಮಾರ್ಫೀನ್ ಸಿಗುವುದು ಕಷ್ಟ. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆ ಡಾಕ್ಟರುಗಳಲ್ಲಿ ಹುಟ್ಟಿಸಿದ ಜೈಲಿನ ಭಯ, 2014ರಲ್ಲಿ ತಿದ್ದುಪಡಿಯಾಗಿ ಅನುಮತಿಯ ದಾರಿ ಸುಲಭವಾದ ಮೇಲೂ ಹೋಗಿಲ್ಲ. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರಂಥವರು ದಶಕಗಳ ಕಾಲ ಹೋರಾಡಿದ್ದು ಈ ಭಯ ಹೋಗಿ ನೋವಿದ್ದವರಿಗೆ ಮಾರ್ಫೀನ್ ಸಿಗಲೆಂದೇ.

ಮುಂಬಾಗಿಲಲ್ಲಿ ಇಷ್ಟು ಬಿಗಿ, ಹಿಂಬಾಗಿಲು ಹೇಗಿದೆ ನೋಡಿ. ಟ್ರಮಡಾಲ್ 2014ರಿಂದ ಶೆಡ್ಯೂಲ್ ಎಚ್1ರಲ್ಲಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದಕ್ಕೆ ಪ್ರತ್ಯೇಕ ರಿಜಿಸ್ಟರಿಟ್ಟು ಮೂರು ವರ್ಷ ಕಾಪಾಡಬೇಕು. 2018ರಲ್ಲಿ ಅದನ್ನು ಎನ್‌ಡಿಪಿಎಸ್ ವ್ಯಾಪ್ತಿಗೂ ತಂದರು. ಆದರೆ ಮಡಿಚಿ ಮಡಿಚಿ ಹರಿದ ಹಳೇ ಚೀಟಿ ತೋರಿಸಿ, ಅದೂ ಇಲ್ಲದಿದ್ದರೆ ಖಾಲಿ ಸ್ಟ್ರಿಪ್ ತೋರಿಸಿ ನೋವಿನ ಮಾತ್ರೆ ಕೇಳುವುದು ನಮ್ಮ ಯಾವ ಊರಿನಲ್ಲಿ ಕಂಡಿಲ್ಲ? ಟ್ರಮಡಾಲಿಗೆ ಬಿಗಿಯಾದಾಗ ಟಪೆಂಟಡಾಲ್ ಎಂಬ ಇನ್ನೊಂದು ಓಪಿಯಾಯ್ಡ್ ಅದರ ಜಾಗಕ್ಕೆ ಬಂತು. ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆ ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಅಲ್ಲಿನ ಹುಡುಗರನ್ನು ಹಾಳು ಮಾಡುತ್ತಿದೆ ಎಂದು ಬಿಬಿಸಿ ಬಯಲಿಗೆಳೆದ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಅದರ ತಯಾರಿಕೆ ಮತ್ತು ರಫ್ತಿಗೆ ತಡೆ ಹಾಕಿತು. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಔಷಧದ ರೂಪದ ಓಪಿಯಾಯ್ಡನ್ನು ಚಿಕಿತ್ಸೆಯ ಹೊರಗೆ ಬಳಸುವವರು ಜನಸಂಖ್ಯೆಯ ಶೇ. 0.96. ಅಮೆರಿಕದ ರೋಗವಂತೆ!

ನಮ್ಮಲ್ಲಿ ಇದು ಬೆಳೆಯುವ ದಾರಿ ಬೇರೆ, ಅದನ್ನು ಯಾವ ಅಮೆರಿಕನ್ ಮಾರ್ಗಸೂಚಿಯೂ ಹೇಳುವುದಿಲ್ಲ. ಇಲ್ಲಿ ಗಾಯಾಳು ಮಾತ್ರೆ ನುಂಗುವುದು ಮಲಗುವುದಕ್ಕಲ್ಲ, ಕೆಲಸಕ್ಕೆ ಹೋಗುವುದಕ್ಕೆ. ಆಟೋದ ಇಎಂಐ ನಿಂತಿದೆ, ಗಾರೆ ಕೆಲಸದ ಮೇಸ್ತ್ರಿ ಬೇರೆಯವನನ್ನು ನೋಡಿಕೊಂಡಿದ್ದಾನೆ, ಮನೆಯಲ್ಲಿ ರೇಷನ್ ತೀರಿದೆ. ಮೂರು ತಿಂಗಳು ಭಾರ ಹಾಕಬೇಡ ಎಂದ ಕಾಲಿನ ಮೇಲೆ ಆರನೇ ವಾರಕ್ಕೇ ನಿಲ್ಲುತ್ತಾನೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ನುಂಗಿದರೆ ದಿನ ಸಾಗುತ್ತದೆ. ಭಾರ ಬಿದ್ದ ಮೂಳೆ ಸರಿಯಾಗಿ ಕೂಡುವುದಿಲ್ಲ, ನೋವು ಹೋಗುವುದಿಲ್ಲ, ಮಾತ್ರೆ ನಿಲ್ಲುವುದಿಲ್ಲ. ಕೆಲವರು ಸಾಲ ಮಾಡಿ ನಾಟಿ ವೈದ್ಯರ ಪುತ್ತೂರು ಕಟ್ಟಿಗೆ ಬಸ್ಸು ಹತ್ತುತ್ತಾರೆ. ಸಂಜೆ ನೋವಿಗೆಂದು ಒಂದು ಕ್ವಾರ್ಟರ್ ಸೇರಿಕೊಂಡರಂತೂ ಮುಗಿಯಿತು, ಓಪಿಯಾಯ್ಡ್ ಮತ್ತು ಹೆಂಡ ಕೂಡಿದರೆ ಉಸಿರೇ ನಿಲ್ಲಬಹುದು. ಇವನಿಗೆ 3 ದಿನದ ಚೀಟಿ ಕೊಟ್ಟು ಕರ್ತವ್ಯ ಮುಗಿಯಿತು ಎನ್ನುವ ವೈದ್ಯಶಾಸ್ತ್ರ ಯಾರನ್ನು ಕಾಪಾಡುತ್ತಿದೆ? ಚೀಟಿ ಬರೆದವರನ್ನು ಮಾತ್ರ.

ಹಾಗಾದರೆ ತಡೆಯುವುದು ಹೇಗೆ ಎಂಬುದು ಗುಟ್ಟೇನೂ ಅಲ್ಲ. ಮೊದಲ ದಿನದಿಂದ ಪ್ಯಾರಾಸಿಟಮಾಲನ್ನು ಗಂಟೆ ನೋಡಿ ಕೊಡುವುದು, ಸಾಧ್ಯವಿರುವಲ್ಲಿ ನರಕ್ಕೆ ಅರಿವಳಿಕೆ ಕೊಡುವುದು, ಇವುಗಳ ಮೇಲೆ ಓಪಿಯಾಯ್ಡನ್ನು ಬೇಕಾದಾಗ ಬೇಕಾದಷ್ಟು ಕೊಡುವುದು. ಹ್ಯೂಸ್ಟನ್ನಿನ ದೊಡ್ಡ ಗಾಯಚಿಕಿತ್ಸಾ ಕೇಂದ್ರವೊಂದು ಅಗ್ಗದ ಸಾಮಾನ್ಯ ಔಷಧಗಳನ್ನೇ ಹೀಗೆ ಜೋಡಿಸಿ ಪ್ರಯೋಗ ಮಾಡಿತು. ಓಪಿಯಾಯ್ಡ್ ಬಳಕೆ ಇಳಿಯಿತು, ನೋವು ಏರಲಿಲ್ಲ. ಕಡಿಮೆ ಮಾತ್ರೆ ಅಲ್ಲಿ ಒಳ್ಳೆಯ ಚಿಕಿತ್ಸೆಯ ಫಲವಾಗಿ ಬಂತು. ನಾವು ಫಲವನ್ನೇ ಕಾನೂನು ಮಾಡಿ ಚಿಕಿತ್ಸೆಯನ್ನು ಮರೆಯುತ್ತೇವೆ. ಎರಡನೆಯದು ಡಿಸ್ಚಾರ್ಜಿನ ನಂತರದ ಕೆಲಸ. ಅಟ್ಲಾಂಟಾದ ಗ್ರೇಡಿ ಆಸ್ಪತ್ರೆಯಲ್ಲಿ ಮೂಳೆ ಮುರಿದವರ ಜೊತೆ ಕೂತು ಮಾತಾಡಲು, ನೋವನ್ನು ನಿಭಾಯಿಸುವುದನ್ನೂ ಮಾತ್ರೆ ಇಳಿಸುವುದನ್ನೂ ಹೇಳಿಕೊಡಲು ಒಬ್ಬರನ್ನು ನೇಮಿಸಿದ್ದಾರೆ. ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ಡಗ್ಲಸ್ ಝಾಟ್ಜಿಕ್ ಎಂಬ ಮನೋವೈದ್ಯರ ತಂಡ ಗಾಯಾಳುಗಳನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಅವರ ಭಯ, ಕುಡಿತ, ನಿದ್ದೆಗೇಡುಗಳಿಗೆ ಚಿಕಿತ್ಸೆ ಕೊಡುವುದನ್ನು ವರ್ಷಗಳಿಂದ ಮಾಡಿ ತೋರಿಸಿದೆ.

ನಮ್ಮಲ್ಲಿ ಅಷ್ಟೆಲ್ಲ ಎಲ್ಲಿ, ದುಡ್ಡೆಲ್ಲಿ ಎಂಬ ಆಕ್ಷೇಪ ಬರುತ್ತದೆ. ರಾಡಿಗೆ ದುಡ್ಡಿದೆ, ಪ್ಲೇಟಿಗೆ ದುಡ್ಡಿದೆ, ಸ್ಕ್ಯಾನಿಂಗಿಗೆ ದುಡ್ಡಿದೆ, ಫೋನ್ ಮಾಡಿ "ಹೇಗಿದ್ದೀರಪ್ಪಾ, ಮಾತ್ರೆ ಎಷ್ಟಕ್ಕೆ ಬಂತು?" ಎಂದು ಕೇಳುವುದಕ್ಕೆ ಮಾತ್ರ ದುಡ್ಡಿಲ್ಲವೇ? ಹಳ್ಳಿ ಹಳ್ಳಿಗೆ ಆಶಾ ಕಾರ್ಯಕರ್ತೆ ಇದ್ದಾರೆ. ಬಾಣಂತಿಯ ಮನೆಗೆ ಹೋಗುವವರು ಕಾಲು ಮುರಿದವನ ಮನೆಗೂ ಹೋಗಬಲ್ಲರು, ಸರಿಯಾದ ಗೌರವಧನ ಕೊಟ್ಟರೆ. ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೂಳೆ ವಾರ್ಡಿನ ಡಿಸ್ಚಾರ್ಜ್ ಚೀಟಿಯ ಮೇಲೆ ಆ ಐದು ಅಂಕಿ ಅಚ್ಚು ಹಾಕಿಸಲು ಎಷ್ಟು ಶಾಯಿ ಬೇಕು? ಚೀಟಿಯಲ್ಲಿ ಯಾವ ದಿನ ಎಷ್ಟು ಮಾತ್ರೆ, ಯಾವಾಗ ಅರ್ಧ, ಯಾವಾಗ ನಿಲ್ಲಿಸುವುದು, ನಿಲ್ಲಿಸಿದಾಗ ಮೈಗೆ ಏನಾಗಬಹುದು, ಉಳಿದ ಮಾತ್ರೆಯನ್ನು ಎಲ್ಲಿ ಹಿಂತಿರುಗಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ.

ದುಡ್ಡಿನ ಮಾತು ಬಂದದ್ದರಿಂದ ಸರ್ಕಾರದ ಲೆಕ್ಕವನ್ನೇ ನೋಡೋಣ. 2016ರಲ್ಲಿ ಕರ್ನಾಟಕ ಶುರು ಮಾಡಿದ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ ಅಪಘಾತದ ಮೊದಲ 48 ಗಂಟೆಗಳ ಖರ್ಚನ್ನು 25,000 ರೂಪಾಯಿವರೆಗೆ ಕೊಡಲೆಂದು ಬಂದದ್ದು. ಕೇಂದ್ರದ 2025ರ ನಗದುರಹಿತ ಯೋಜನೆ 7 ದಿನದವರೆಗೆ, 1.5 ಲಕ್ಷ ರೂಪಾಯಿ. ಆಯುಷ್ಮಾನ್ ಭಾರತದ ಪ್ಯಾಕೇಜು ಡಿಸ್ಚಾರ್ಜ್ ಆದ ಮೇಲೆ 15 ದಿನ. ಮೂರೂ ಜೀವ ಉಳಿಸುವ ಯೋಜನೆಗಳು, ಮೂರಕ್ಕೂ ನಮಸ್ಕಾರ. ಮೊಣಕಾಲ ಕೆಳಗಿನ ಮೂಳೆ ಕೂಡುವುದಕ್ಕೆ ಮಾತ್ರ ನಾಲ್ಕು ತಿಂಗಳಾದರೂ ಬೇಕು. ಹದಿನಾರನೇ ದಿನದಿಂದ ಆ ಮನುಷ್ಯ ಮೆಡಿಕಲ್ ಶಾಪಿನ ಪಾಲು.

ಆರೋಗ್ಯ ಇಲಾಖೆಯನ್ನು ಕೇಳುವುದು ಇಷ್ಟು: ಅಪಘಾತದ ಗಾಯಾಳುಗಳ ಮಟ್ಟಿಗಾದರೂ ಈ 15 ದಿನಗಳನ್ನು 90 ದಿನ ಮಾಡಿ, ಫಿಸಿಯೋಥೆರಪಿಯನ್ನೂ ಆಪ್ತಸಲಹೆಯನ್ನೂ ಪ್ಯಾಕೇಜಿನೊಳಗೆ ಸೇರಿಸಿ. ಮಾತ್ರೆ ಶುರು ಮಾಡಿದ ಡಾಕ್ಟರೇ ಅದನ್ನು ನಿಲ್ಲಿಸುವವರೆಗೂ ಹೊಣೆ ಎಂದು ನಿಯಮ ಬರೆಯಿರಿ. ಅವರ ಹೆಸರು, ಫೋನ್ ನಂಬರು ಡಿಸ್ಚಾರ್ಜ್ ಚೀಟಿಯ ಮೇಲಿರಲಿ. ಇದನ್ನು ಮಾಡದೆ ಮಾತ್ರೆ ಕಡಿಮೆ ಮಾಡಿ ಎಂದು ಇನ್ನೊಂದು ಸುತ್ತೋಲೆ ಹೊರಡಿಸುವುದಾದರೆ ದಯವಿಟ್ಟು ಆ ಕಾಗದವನ್ನಾದರೂ ಉಳಿಸಿ.